ತೊಟ್ಟಿಯೊಳಗಿನ ಅಳಿವೆ: ಹೂಳಿನ ಮುನ್ಸೂಚನೆಗೆ ಪಟ್ಟ ಪಾಡು

1885ರಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್ ಮರ್ಸಿ ನದಿಯ ಅಳಿವೆಯನ್ನು ಒಂದು ತೊಟ್ಟಿಯೊಳಗೆ ಇಳಿಸಿದರು. ಉದ್ದಗಲ 31,800ರಲ್ಲಿ ಒಂದು ಪಾಲು, ಆಳ 960ರಲ್ಲಿ ಒಂದು ಪಾಲು. ಆಳವನ್ನೂ ಅಷ್ಟೇ ಕುಗ್ಗಿಸಿದ್ದರೆ ಹತ್ತು ಮೀಟರ್ ನೀರು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಳಿದು, ಮರಳು ಕದಲುತ್ತಲೇ ಇರಲಿಲ್ಲ. ಹನ್ನೆರಡೂವರೆ ಗಂಟೆಯ ಉಬ್ಬರವಿಳಿತ ಇಲ್ಲಿ ಸುಮಾರು 40 ಸೆಕೆಂಡಿಗೆ ಮುಗಿಯಿತು. ಅಂದರೆ ಕಡಲಿನ ಒಂದು ವರ್ಷ ತೊಟ್ಟಿಯಲ್ಲಿ ಎಂಟೇ ಗಂಟೆ. ಸಪಾಟಾಗಿ ಹರಡಿದ್ದ ಮರಳಿನಲ್ಲಿ ತೋಡುಗಳೂ ದಿಬ್ಬಗಳೂ ತಾವಾಗಿ ಮೂಡಿ, ನಕ್ಷೆಯ ಮರ್ಸಿಯನ್ನು ಹೋಲತೊಡಗಿದವು.

ಮರುವರ್ಷ ಫ್ರಾನ್ಸಿನ ಸೇನ್ ನದಿಯ ಅಳಿವೆಯ ಮಾದರಿ ಕಟ್ಟಿದ ಎಂಜಿನಿಯರ್ ವರ್ನನ್-ಹಾರ್ಕೋರ್ಟ್ ಅವರ ಕೆಲಸಕ್ಕೆ ರೆನಾಲ್ಡ್ಸ್‌ರಷ್ಟು ಹೆಸರು ಬರಲಿಲ್ಲ. ಬರಬೇಕಿತ್ತು. ನದಿಗೆ ಗೋಡೆ ಕಟ್ಟುವ ಮೊದಲಿನ ಹಳೆಯ ರೂಪವನ್ನು ಮಾದರಿ ಮೊದಲು ತೋರಿಸಲಿ, ಆಮೇಲೆ ಗೋಡೆಯ ಪರಿಣಾಮವನ್ನು ತೋರಿಸಲಿ, ಮುಂದಿನದನ್ನು ಕೇಳುವುದು ಅನಂತರ ಎಂದು ಅವರು ಹಟ ಹಿಡಿದರು. ಮೊದಮೊದಲು ಅದಕ್ಕೆ ತಕ್ಕ ಮರಳೇ ಸಿಗಲಿಲ್ಲ. ಒಂದಾದ ಮೇಲೊಂದು ಪುಡಿಯನ್ನು ಹಾಕಿ ನೋಡಿ, ಕೊನೆಗೆ ಇಂಗ್ಲೆಂಡಿನ ಚೋಬಮ್ ಬಯಲಿನ ನಯವಾದ, ತುಸು ಪೀಟ್ ಮಣ್ಣು ಬೆರೆತ ಮರಳನ್ನು ಒಪ್ಪಿದರು.

ಮುಂದಿನ ದಾರಿ ತೊಟ್ಟಿಯಿಂದ ಕಾಗದದ ಮೇಲಿನ ಲೆಕ್ಕಕ್ಕೆ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಲ್ಲಿ ಗುಡ್ಡಗಳನ್ನೇ ನೀರು ಚಿಮ್ಮಿಸಿ ಕರಗಿಸುತ್ತಿದ್ದರು. 1884ರಲ್ಲಿ ನ್ಯಾಯಾಲಯ ತಡೆದರೂ, ಆ ಹೊತ್ತಿಗೆ ಹೊಳೆ ಸೇರಿದ್ದ ಕೆಸರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯತ್ತ ಹರಿಯುತ್ತಲೇ ಇತ್ತು. ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ 1917ರ ವರದಿಯಲ್ಲಿ ಅದರ ಲೆಕ್ಕ ಹಾಕಿದರು. ಲೆಕ್ಕ ಹಗುರವಾಗಲೆಂದು 1956ರಲ್ಲಿ ಪೆಲ್ನಾರ್-ಕಾನ್ಸಿಡೇರ್ ಎಂಬ ಸಂಶೋಧಕರು ಇಡೀ ಕಡಲತಡಿಯನ್ನು ಒಂದೇ ಗೆರೆಯಾಗಿ ಕಂಡರು. 1998ರಲ್ಲಿ ಸ್ಟೀವ್ ಮತ್ತು ಸಂಗಡಿಗರು ಅಳಿವೆಯನ್ನು ಕಾಲುವೆ, ಕೆಸರುಬಯಲು, ಹೊರಗಿನ ದಿಬ್ಬ ಎಂಬ ಮೂರು ಚೀಲಗಳಾಗಿ ಕಂಡರು. ತೀರ ಒರಟಾದ ಸರಳೀಕರಣ ನಿಜ. ಆದರೆ ಒಂದೊಂದು ಅಲೆಯನ್ನೂ ಎಣಿಸುತ್ತ ನೂರು ವರ್ಷ ಮುಟ್ಟುವವರು ಯಾರು?

ಕಂಪ್ಯೂಟರ್ ಬಂದ ಮೇಲೂ ಗಡಿಯಾರವನ್ನು ಓಡಿಸುವ ಉಪಾಯ ಬೇಕೇ ಆಯಿತು. ಒಂದು ಉಬ್ಬರವಿಳಿತದಲ್ಲಿ ತಳ ಎಷ್ಟು ಬದಲಾಯಿತೋ ಅದನ್ನು ಹತ್ತೋ ಇಪ್ಪತ್ತೋ ಪಟ್ಟು ಹೆಚ್ಚಿಸಿ ಮುಂದೆ ಸಾಗುತ್ತಾರೆ. ರೆನಾಲ್ಡ್ಸ್‌ರ 40 ಸೆಕೆಂಡಿಗೆ ಇದು ದೂರದ ನಂಟು.

2009ರಲ್ಲಿ ಗಂಜು, ಶೋಲ್‌ಹ್ಯಾಮರ್ ಮತ್ತು ಜಾಫಿ ಇದೇ ಉಪಾಯ ಹಿಡಿದು ಗಿಲ್ಬರ್ಟರ ಕೆಸರಿಗೆ ಮರಳಿದರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೇಲ್ಭಾಗದ ಸುಯಿಸನ್ ಬೇಯಲ್ಲಿ 1867 ಮತ್ತು 1887ರ ಆಳದ ನಕ್ಷೆಗಳಿದ್ದವು. ನಡುವಿನ 20 ವರ್ಷಗಳನ್ನು ಮಾದರಿಯಲ್ಲಿ ಮತ್ತೆ ನಡೆಸಿದರು. ಇಡೀ ಸುಯಿಸನ್ ಬೇಯ ಒಟ್ಟು ಲೆಕ್ಕಕ್ಕೆ ಮಾದರಿಯನ್ನು ಹೊಂದಿಸಿಕೊಂಡಿದ್ದರು. ಆದರೆ ಎಲ್ಲಿ ಕೊರೆತ, ಎಲ್ಲಿ ಹೂಳು ಎಂದು ಜಾಗ ಜಾಗ ಹಿಡಿದು ಕೇಳಿದಾಗ ಅದು ಸರಿ ಹೇಳಿದ್ದು ಶೇಕಡಾ 61ರಷ್ಟು ಪ್ರದೇಶದಲ್ಲಿ ಮಾತ್ರ. ಸಂಶೋಧಕರು ಊಹಿಸಿದ ಮುಖ್ಯ ಕಾರಣ ಕೇಳಿದ್ದರೆ ವರ್ನನ್-ಹಾರ್ಕೋರ್ಟ್ ತಲೆದೂಗುತ್ತಿದ್ದರೇನೋ: 1867ರಲ್ಲಿ ತಳದಲ್ಲಿದ್ದದ್ದು ಎಂಥ ಮಣ್ಣು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ.