ಮಗನ ಸುಳಿವನ್ನು ತಾಯಿ ಹೇಳಲೇಬೇಕೆ?

ನಡುರಾತ್ರಿ ಯಾರೋ ಕದ ತಟ್ಟುತ್ತಾರೆ. "ನಿನ್ನ ಮಗ ಎಲ್ಲಿ ಹೋಗ್ಯಾನ, ಹೇಳವ್ವ" ಎಂದು ಪೊಲೀಸರು ಕೇಳುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬೀಗತನಗಳು ಮಿರಜ, ಸಾಂಗಲಿ, ಕೊಲ್ಹಾಪುರದವರೆಗೆ ಹಬ್ಬಿವೆ. ಆದ್ದರಿಂದ ಇಲ್ಲಿ ಒಬ್ಬನ ಮೇಲೆ ಸಂಶಯ ಬಂದರೆ ಗಡಿಯ ಎರಡೂ ಕಡೆಯ ನೆಂಟರು ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಅವರು ಬಾಯಿ ಬಿಡಲೇಬೇಕೆ?

ಇದು ಹಳೆಯ ಪ್ರಶ್ನೆ. ತಂದೆಯ ಪರವಾಗಿ ಮಗ, ಗಂಡನ ಪರವಾಗಿ ಹೆಂಡತಿ ಹೇಳುವ ಸಾಕ್ಷ್ಯವನ್ನು ಹನಫಿ ನ್ಯಾಯಶಾಸ್ತ್ರಜ್ಞರು ಒಪ್ಪಲಿಲ್ಲ. ಮಮತೆ ಸತ್ಯವನ್ನು ಬಾಗಿಸೀತೆಂಬ ಎಚ್ಚರ ಅವರದು. ಆದರೆ ಹೆತ್ತವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬುದು ಕುರ್‌ಆನಿನ ಆದೇಶ.

ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಕಾಯ್ದೆ ಬೇರೆ ದಾರಿ ಹಿಡಿಯಿತು. ಅದು ರಕ್ತಸಂಬಂಧಿಗಳಿಗೆ ಯಾವ ವಿನಾಯಿತಿಯನ್ನೂ ಕೊಡಲಿಲ್ಲ. ದಾಂಪತ್ಯದಲ್ಲಿ ಗಂಡ ಹೆಂಡತಿ ಆಡಿಕೊಂಡ ಮಾತಿಗೆ ಮಾತ್ರ 122ನೇ ಕಲಮಿನಲ್ಲಿ ರಕ್ಷಣೆ ದೊರೆಯಿತು. ಆಗ ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತಕ್ಕೂ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೂ ಸೇರಿದ್ದವು. 1949ರಲ್ಲಿ ಕೊಲ್ಹಾಪುರ ಮುಂಬಯಿಯಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಬದಲಾದರೂ ಸಾಕ್ಷ್ಯದ ಕಾನೂನು ಅದೇ ಉಳಿಯಿತು.

ಈ ರಕ್ಷಣೆಗೂ ಮಿತಿಯಿದೆ. ಗಂಡ ಹೇಳಿದ್ದು ಗುಟ್ಟು, ಹೆಂಡತಿ ಕಣ್ಣಾರೆ ಕಂಡದ್ದು ಗುಟ್ಟಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಸ್ಪಷ್ಟಪಡಿಸಿತು. ಒಬ್ಬರು ಇನ್ನೊಬ್ಬರ ಮೇಲೆಯೇ ಅಪರಾಧ ಎಸಗಿದ್ದರೆ ಈ ರಕ್ಷಣೆ ಇಲ್ಲ.

1978ರ ನಂದಿನಿ ಸತ್ಪತಿ ತೀರ್ಪು ಇನ್ನೊಂದು ಮೈಲಿಗಲ್ಲು. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ, ಮಹಿಳೆಯನ್ನು ಠಾಣೆಗೆ ಕರೆಸುವಂತಿಲ್ಲ ಎಂದು ಅದು ಹೇಳಿತು. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಯಾರನ್ನೂ ಬಲವಂತವಾಗಿ ಮಂಪರು ಪರೀಕ್ಷೆಗೆ ಒಳಪಡಿಸಬಾರದೆಂಬ ತೀರ್ಪು ಬಂತು.

2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಯಲ್ಲಿವೆ. ತಿರುಳು ಮಾತ್ರ ಹಳೆಯದೇ. ಪೊಲೀಸರು ಲಿಖಿತ ಆದೇಶದ ಮೂಲಕವೇ ಕರೆಸಬೇಕು. ಮಹಿಳೆ, 15ರ ಒಳಗಿನ ಹುಡುಗ, 60 ದಾಟಿದ ಪುರುಷ, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಆದರೆ ಕೇಳಿದ್ದಕ್ಕೆ ನಿಜವನ್ನೇ ಹೇಳುವ ಹೊಣೆ ತಾಯಿಗೂ ಇದೆ. ಕೊಲೆಯಂಥ ಘೋರ ಅಪರಾಧ ಗೊತ್ತಿದ್ದರೆ, ಸಕಾರಣವಿಲ್ಲದೆ ಮುಚ್ಚಿಡುವಂತಿಲ್ಲ.

ಕಾನೂನಿನ ಕಠೋರತೆ ಕಾಣುವುದು ಇಲ್ಲಿ. ಅಪರಾಧಿಯೆಂದು ತಿಳಿದೂ ಗಂಡನನ್ನು ಅಡಗಿಸಿಟ್ಟ ಹೆಂಡತಿಗೆ ವಿನಾಯಿತಿ ಉಂಟು. ಮಗನನ್ನು ಅಡಗಿಸಿಟ್ಟ ತಾಯಿಗೆ ಇಲ್ಲ. ಕರುಳ ಸಂಬಂಧವನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಾಗೆಂದು ಮಗನ ತಪ್ಪಿಗೆ ತಾಯಿಯನ್ನು ಬೆದರಿಸುವ, ಕೂಡಿಹಾಕುವ, ಹೊಡೆಯುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ. ಸತ್ಯ ಹೇಳುವುದು ಅವಳ ಹೊಣೆಯಾದರೆ, ಅದನ್ನು ಮರ್ಯಾದೆಯಿಂದ ಕೇಳುವುದು ಕದ ತಟ್ಟಿದವರ ಹೊಣೆ.