ಬೇನೆಯೂ ಕಸುಬೂ

ಕತಾರ್‌ಗಾಮಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಹೀರಾಘಸುಗಳ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಘಂಟಿಯ ಸುತ್ತ ಕುಳಿತು, ತಿರುಗುವ ಚಕ್ರಕ್ಕೆ ವಜ್ರವನ್ನೊತ್ತಿ ದಿನವಿಡೀ ಹೊಳಪು ಕೊಡುವ ಇವರೇ ನಮ್ಮ ನೆರೆಯವರು. ಬ್ಯಾಂಕಿನ ಕಿಟಕಿಯ ಮುಂದೆ ನಿಲ್ಲುವವರೂ ಇವರೇ. ಅವರಲ್ಲೊಬ್ಬನಿಗೆ ಕೆಮ್ಮು ಬಂದರೆ ಅದು ಅವನ ಗ್ರಹಚಾರವೆನ್ನುತ್ತೇವೆ. ಒಂದೇ ಕಸುಬಿನ ಹತ್ತು ಮಂದಿಗೆ ಬಂದರೆ ಏನೆನ್ನಬೇಕು?

ಖಾತೆ ತೆರೆಯಬಂದವರು ಉದ್ಯೋಗದ ಕಲಮನ್ನು ಖಾಲಿ ಬಿಟ್ಟರೆ ನಾವು ಅರ್ಜಿಯನ್ನು ಹಿಂದಿರುಗಿಸುತ್ತೇವೆ. ನಾವು ಕಂಡ ಔಷಧದ ಚೀಟಿಗಳಲ್ಲಿಯೋ, ಹೆಸರು ವಯಸ್ಸುಗಳುಂಟು. ಉದ್ಯೋಗಕ್ಕೆ ಸ್ಥಳವೇ ಇಲ್ಲ! ರೋಗಿಯ ಕಸುಬು ಯಾವುದೆಂದು ವೈದ್ಯನು ತಪ್ಪದೆ ಕೇಳಬೇಕೆಂದು ಇಟಲಿಯ ರಾಮಾಜ್ಜೀನಿಯು 1700ರಲ್ಲಿಯೇ ಗ್ರಂಥ ಬರೆದು ಸಾರಿದ್ದನು.

ಈ ಪ್ರಶ್ನೆಯ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಕೋಲಾರವೇ ಸಾಕು. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಕೈಹಾಕಿದ ಆ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದುದನ್ನು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಬಂಡೆ ಕೊರೆಯುವಾಗ ಏಳುತ್ತಿದ್ದ ಬೆಣಚುಕಲ್ಲಿನ ಧೂಳಿನ ಮಾತು ಅಷ್ಟಾಗಿ ಬರುವುದಿಲ್ಲ. ಕಣ್ಣಿಗೆ ಕಾಣದಷ್ಟು ನಯವಾದ ಆ ಧೂಳು ಶ್ವಾಸಕೋಶದಲ್ಲಿ ನೆಲೆನಿಂತು ಅದನ್ನು ಗಟ್ಟಿಗೊಳಿಸುತ್ತದೆ. ಕ್ಷಯವೂ ಅಲ್ಲಿ ಸುಲಭವಾಗಿ ಮನೆ ಮಾಡುತ್ತದೆ. ಒಬ್ಬೊಬ್ಬನನ್ನೇ ನೋಡಿದಾಗ ಕ್ಷಯವಷ್ಟೇ ಕಾಣುವುದು ಸಹಜ. ಸಾಲಾಗಿ ನಿಲ್ಲಿಸಿ, ಯಾರು ಎಷ್ಟು ವರ್ಷ ಯಾವ ಕೆಲಸ ಮಾಡಿದರೆಂದು ಬರೆದು ಲೆಕ್ಕ ಹಾಕಿದಾಗಲೇ ಕಾರಣ ಹೊರಬೀಳುವುದು. 1940ರಿಂದ 1946ರ ವರೆಗೆ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಲಾಗಿ, ನೂರಕ್ಕೆ 40ಕ್ಕೂ ಮೇಲ್ಪಟ್ಟು ಜನರಲ್ಲಿ ಈ ಸಿಲಿಕೋಸಿಸ್ ಕಂಡುಬಂದಿತು. ಗಣಿ 2001ರಲ್ಲಿ ಮುಚ್ಚಿತು. ಎದೆಯೊಳಗೆ ಸೇರಿದ ಧೂಳಿಗೆ ಅಂಥ ಮುಕ್ತಾಯವಿಲ್ಲ.

ವಜ್ರದ ಕಸುಬಿಗೂ ಇಂಥದೊಂದು ಕಥೆಯುಂಟು. ಬೆಲ್ಜಿಯಂ ದೇಶದ ವಜ್ರದ ಕೆಲಸಗಾರರಲ್ಲಿ ಕೆಲವರಿಗೆ ಉಸಿರು ಕಟ್ಟುವ ಬೇನೆ ಬಂದಾಗ, ಅವರೆಲ್ಲರಿಗೂ ಸಮಾನವಾದುದೇನೆಂದು ವೈದ್ಯರು ಹುಡುಕಿದರು. ಹಳೆಯ ಎರಕದ ಕಬ್ಬಿಣದ ಚಕ್ರವಲ್ಲ, ವಜ್ರದ ಪುಡಿಯನ್ನು ಕೋಬಾಲ್ಟ್ ಲೋಹದಲ್ಲಿ ಬೆಸೆದ ಹೊಸ ಚಕ್ರವೇ ಮೂಲವೆಂದು 1984ರಲ್ಲಿ ಪ್ರಕಟಿಸಿದರು. ವಜ್ರವನ್ನು ದೂರುವುದಕ್ಕಿಲ್ಲ; ದೋಷವೆಲ್ಲ ಚಕ್ರದ್ದು.

ನಮ್ಮ ಗುಜರಾತು ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 1966ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಸಂಶೋಧನಾಲಯವು 1970ರಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಾಯಿತು. ಖಂಭಾತಿನಲ್ಲಿ ಅಕೀಕ್ ಕಲ್ಲು ಅರೆಯುವವರನ್ನು ಅದು ಪರೀಕ್ಷಿಸಿದಾಗ ಕಂಡುದು ಕೋಲಾರದ ಬೇನೆಯನ್ನೇ. ಅಹಮದಾಬಾದಿನ ಒಂದು ಗ್ರಾಹಕ ಸಂಸ್ಥೆಯು ಹೂಡಿದ ದಾವೆಯಲ್ಲಿ, ಕಲ್ನಾರಿನ ಕಾರ್ಖಾನೆಯವರು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕಡಮೆಯೆಂದರೆ 40 ವರ್ಷ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ವಿಧಿಸಿತು. ಬ್ಯಾಂಕಿನ ಎಷ್ಟೋ ಕಾಗದಗಳೂ ಅಷ್ಟು ಕಾಲ ಉಳಿಯವು.

ಆದರೆ ಅದು ಕಾರ್ಖಾನೆಯ ಮಾತು. ಪಕ್ಕದ ಮನೆಯ ಹೀರಾಘಸು ಕೆಮ್ಮುತ್ತ ಆಸ್ಪತ್ರೆಗೆ ಹೊರಟರೆ, ಚೀಟಿಯ ಅಂಚಿನಲ್ಲಿ ಕಸುಬನ್ನೂ ಬರೆಯಿಸಿಕೊಂಡು ಬಾ ಅಣ್ಣ ಎಂದು ನಾವು ಈಚೆಗೆ ಹೇಳತೊಡಗಿದ್ದೇವೆ.