ಕಾವೇರಿಯ ನಡುಗಡ್ಡೆಗಳು ಮತ್ತು ಸಿನೆಮಾ

ಸಿನೆಮಾದವರನ್ನು ಮಂಡ್ಯ ಜಿಲ್ಲೆಗೆ ಕರೆಯಲು ಯಾರೂ ಬಣ್ಣ ಕಟ್ಟಿ ಹೇಳಬೇಕಾಗಿಲ್ಲ. ಕಾವೇರಿ ಇಲ್ಲಿ ಎರಡು ಕಡೆ ಕವಲೊಡೆದು ಮತ್ತೆ ಕೂಡುತ್ತಾಳೆ. ಒಂದು ನಡುಗಡ್ಡೆ ಶ್ರೀರಂಗಪಟ್ಟಣ, ಇನ್ನೊಂದು ಮಳವಳ್ಳಿಯ ಅಂಚಿನ ಶಿವನಸಮುದ್ರ. ಬೆಂಗಳೂರಿನಿಂದ ಹೊರಟವರು ಮದ್ದೂರಿನಲ್ಲಿ ವಡೆ ತಿಂದು ಮಧ್ಯಾಹ್ನದೊಳಗೆ ಎರಡರಲ್ಲಿ ಯಾವುದನ್ನಾದರೂ ತಲುಪಬಹುದು. ಹೊಳೆದಂಡೆಯ ಮಹದೇವಪುರ ಅದೆಷ್ಟೋ ಕನ್ನಡ ಚಿತ್ರಗಳಲ್ಲಿ ಹೆಸರಿಲ್ಲದ ಹಳ್ಳಿಯಾಗಿ ಕಾಣಿಸಿಕೊಂಡಿದೆ. ಕರೆಯುವುದು ಸುಲಭ. ಬಂದವರು ಇಲ್ಲಿನ ಕತೆಯನ್ನು ಏನು ಮಾಡುತ್ತಾರೆ ಎಂಬ ಪ್ರಶ್ನೆ ಮಾತ್ರ ಸಿನೆಮಾಕ್ಕಿಂತಲೂ ಹಳೆಯದು.

1799ರ ಮೇ 4ರಂದು ಟಿಪ್ಪು ಸುಲ್ತಾನರು ಹುತಾತ್ಮರಾದರು. ಆ ವರ್ಷವೇ ಲಂಡನ್ನಿನ ಆಸ್ಟ್ಲಿ ರಂಗಮಂದಿರದಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ನಾಟಕವಾಯಿತು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ ಅದೇ ಮುತ್ತಿಗೆಯ ಬೃಹತ್ ಚಿತ್ರವನ್ನು ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಉದ್ದ ಸುಮಾರು 120 ಅಡಿ. ಬರೆದು ಮುಗಿಸಿದ್ದು ಆರು ವಾರಗಳಲ್ಲಿ. ಆತ ಈ ಊರನ್ನು ಕಂಡವನೇ ಅಲ್ಲ. ಜನ ದುಡ್ಡು ಕೊಟ್ಟು ಒಳಹೋಗಿ ನೋಡಿದರು. ಕೋಟೆಗೆ ನುಗ್ಗುವ ಇಂಗ್ಲಿಷ್ ಅಧಿಕಾರಿಗಳೇ ಅದರ ನಾಯಕರು. ಚಿತ್ರಮಂದಿರ ಹುಟ್ಟುವ ಮೊದಲೇ ನಮ್ಮ ನಡುಗಡ್ಡೆ ಹೀಗೆ ಪರದೆಯೇರಿತ್ತು.

ಶ್ರೀರಂಗಪಟ್ಟಣದಲ್ಲಿಯೇ ಇನ್ನೊಂದು ಯುದ್ಧಚಿತ್ರವಿದೆ. 1784ರಲ್ಲಿ ಕಟ್ಟಿದ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ, ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ. ಅದೂ ಗೆದ್ದವರ ಚಿತ್ರವೇ, ಒಪ್ಪೋಣ. (ಅರಮನೆಯ ಹೆಸರನ್ನು ಸಾಮಾನ್ಯವಾಗಿ ‘ಸಮುದ್ರದ ಸಂಪತ್ತು’ ಎಂದು ಅನುವಾದಿಸುತ್ತಾರೆ. ಉರ್ದುವಿನಲ್ಲಿ ದರಿಯಾ ಎಂದರೆ ಹೊಳೆ. ಕಾವೇರಿಯ ದಂಡೆಯಲ್ಲಿ ನಿಂತವರಿಗೆ ಈ ಅರ್ಥವೇ ಸರಿಯೆನಿಸುತ್ತದೆ.)

ಸುಲ್ತಾನರು ವಾಸವಿದ್ದ ಲಾಲ್ ಮಹಲ್ ಈಗ ಇಲ್ಲ. ಅವರ ಪತನದ ನಂತರ ಅದನ್ನು ಕೆಡವಲಾಯಿತು. ಹಾಗಾಗಿ ಸಂಜಯ್ ಖಾನ್ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ತೆಗೆಯುವಾಗ ಆ ವೈಭವವನ್ನು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಬೇಕಾಯಿತು. 1989ರ ಫೆಬ್ರವರಿ 8ರಂದು ಅಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತರು. ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಬದುಕಿ ಉಳಿದರು. ಧಾರಾವಾಹಿ ದೂರದರ್ಶನದಲ್ಲಿ ಬಂತು, ಆದರೆ ಇದು ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿದ ಕಲ್ಪನೆ ಎಂಬ ಘೋಷಣೆಯ ಜೊತೆಗೆ. ಜನರಿಗೆ ನೆನಪಿರುವುದು ತೆರೆಯ ಮೇಲಿನ ಕತ್ತಿ. ಆ 62 ಮಂದಿಯನ್ನು ನೆನೆಯುವವರು ಕಡಿಮೆ.

ಕಾದಂಬರಿಗೆ ಅಂಥ ಘೋಷಣೆ ಅಂಟಿಸಿದ ನಾಡಿನಲ್ಲಿ 2023ರಲ್ಲಿ ಇನ್ನೊಂದು ಬಗೆಯ ಕತೆ ಬಂತು. ಟಿಪ್ಪುವನ್ನು ಕೊಂದವರು ಇಂಗ್ಲಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂದು ಪ್ರಚಾರ ನಡೆಯಿತು. ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನಿನ ಮೇಲೆ ಆ ಹೆಸರುಗಳು ಬಂದವು; ಪ್ರತಿಭಟನೆಯಾದ ಮೇಲೆ ಇಳಿದವು. ಕೆಲವೇ ದಿನಗಳಲ್ಲಿ ಆಗಿನ ಸಚಿವ ಹಾಗೂ ನಿರ್ಮಾಪಕ ಮುನಿರತ್ನ ಅದೇ ಹೆಸರಿನ ಸಿನೆಮಾ ಘೋಷಿಸಿದರು. ಅದನ್ನು ತಡೆದವರು ಯಾರು? ಮುಸ್ಲಿಂ ಸಂಘಟನೆಯಲ್ಲ, ನ್ಯಾಯಾಲಯವೂ ಅಲ್ಲ. ಇದೇ ಜಿಲ್ಲೆಯ ನಾಗಮಂಗಲ ತಾಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಇತಿಹಾಸದ ಆಧಾರವೆಲ್ಲಿ ಎಂದು ಕೇಳಿದರು. ಅವರನ್ನು ಕಂಡು ಬಂದ ನಿರ್ಮಾಪಕರು ಚಿತ್ರ ಕೈಬಿಟ್ಟರು. ಮಂಡ್ಯದ ಹೊಲಗಳಲ್ಲಿ ಒಟ್ಟಿಗೆ ದುಡಿಯುವ ಎರಡು ಸಮುದಾಯಗಳ ನಡುವೆ ಏನಾಗಬಹುದಿತ್ತು ಎಂದು ಯೋಚಿಸಿದರೆ, ಆ ಒಂದು ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಕತೆಗಳಿಗೇನೂ ಇಲ್ಲಿ ಬರವಿಲ್ಲ. ರಂಗನತಿಟ್ಟಿನ ಪುಟ್ಟ ನಡುಗಡ್ಡೆಗಳು 1940ರಲ್ಲಿ ಪಕ್ಷಿಧಾಮವಾದದ್ದು ಸಲೀಂ ಅಲಿಯವರ ಒತ್ತಾಸೆಯಿಂದ. (ಗೂಡು ಕಟ್ಟುವ ಕಾಲದಲ್ಲಿ ಅಲ್ಲಿಗೆ ಚಿತ್ರೀಕರಣದ ಗದ್ದಲ ಬೇಡವೇ ಬೇಡ.) ಶಿವನಸಮುದ್ರದಲ್ಲಿ ಗಗನಚುಕ್ಕಿಯ ಬಳಿಯೇ ಹಝ್ರತ್ ಮರ್ದಾನೆ ಗೈಬ್ ದರ್ಗಾ ಇದೆ. ಕಣ್ಣಿಗೆ ಕಾಣದ ಪುರುಷರು ಎಂದು ಆ ಹೆಸರಿನ ಅರ್ಥ. ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಹಾಡು ತೆಗೆಯಲು ಬರುವ ಕ್ಯಾಮೆರಾಕ್ಕೆ ಮಾತ್ರ ಜಲಪಾತವೇ ಸಾಕು.

ಅದೇ ಜಲಪಾತದ ಕೆಳಗಿನ ವಿದ್ಯುದಾಗಾರ 1902ರಲ್ಲಿ ಶುರುವಾಯಿತು. ಅಲ್ಲಿಂದ ತಂತಿ 92 ಮೈಲಿ ಸಾಗಿ ಕೋಲಾರದ ಚಿನ್ನದ ಗಣಿ ತಲುಪಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. 2018ರಲ್ಲಿ ‘ಕೆಜಿಎಫ್’ ಸಿನೆಮಾ ಆ ಗಣಿಯ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿತು. ಗಣಿಗೆ ಕರೆಂಟು ಕೊಟ್ಟ ನಡುಗಡ್ಡೆಯ ಬಳಿ ನಿಂತು ಇನ್ನೊಬ್ಬ ನಿರ್ದೇಶಕ ಕತೆ ಕೇಳಿದರೆ, ಹೇಳುವವರು ಮಳವಳ್ಳಿಯಲ್ಲಿ ಸಿಗುತ್ತಾರೆ.